ಡಾಲ್ಫಿನ್‌ಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆಯೇ? ನಮ್ಮ ಗಲಾಟೆಗೆ ಆ ಮರಿ ತಪ್ಪಿಸಿಕೊಂಡಿತೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೋದ ಡಿಸೆಂಬರ್‌ನಲ್ಲಿ ಒಂಬತ್ತನೇ ತರಗತಿ ಮಕ್ಕಳನ್ನು ಗೋಕರ್ಣ, ಮುರುಡೇಶ್ವರದ ಕಡೆ ಟೂರ್ ಕರೆದುಕೊಂಡು ಹೋಗಿದ್ದೆವು. ಎಷ್ಟೋ ಮಕ್ಕಳು ಸಮುದ್ರ ನೋಡಿದ್ದೇ ಅವತ್ತು. ಡಾಲ್ಫಿನ್ ತೋರಿಸುತ್ತೇವೆ ಅಂದಿದ್ದಕ್ಕೆ ಬೋಟ್ ಹತ್ತಿದೆವು. ಬೆನ್ನು ಕಂಡ ಕೂಡಲೇ ಬೋಟಿನವರು ಇಂಜಿನ್ ಜೋರು ಮಾಡಿ ಅತ್ತ ತಿರುಗಿಸಿದರು. ಸಿಳ್ಳೆ ಹೊಡೆದರೆ ಹತ್ತಿರ ಬರುತ್ತವೆ ಅಂದರು. ಮಕ್ಕಳದ್ದೆಲ್ಲ ಸಿಳ್ಳೆ, ಕೂಗು, ಚಪ್ಪಾಳೆ. ಅಷ್ಟರಲ್ಲಿ ಇನ್ನೂ ಎರಡು ಬೋಟ್ ಬಂದವು. ಒಂದು ದೊಡ್ಡ ಡಾಲ್ಫಿನ್ ಪಕ್ಕದಲ್ಲಿ ಪುಟ್ಟ ಮರಿ ಇತ್ತು. ಎರಡೂ ಮುಳುಗಿದವು. ಆಮೇಲೆ ದೂರದಲ್ಲಿ ಒಂದೇ ಬೆನ್ನು ಕಂಡಿತು.

ವಾಪಸ್ ಬಂದಮೇಲೆ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ನಮ್ಮ ರೊಪ್ಪದಲ್ಲಿ ಸಂಜೆ ಹೊತ್ತು ತಾಯಿ ಕುರಿ ಕೂಗು ಕೇಳಿಯೇ ಮರಿ ಹುಡುಕ್ಕೊಳ್ಳುತ್ತೆ. ಆ ಕಲಕಿದ ನೀರಲ್ಲಿ ಡಾಲ್ಫಿನ್‌ಗೆ ತನ್ನ ಮರಿ ಹೆಂಗೆ ಗೊತ್ತಾಗುತ್ತೆ? ನಾವು ಅಷ್ಟು ಕೂಗಿದ್ದಕ್ಕೆ ಮರಿ ತಪ್ಪಿಸಿಕೊಂಡಿರುತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲ್‌ನಲ್ಲಿ ನೋಡಿದರೆ ಡಾಲ್ಫಿನ್‌ಗಳಿಗೆ ಹೆಸರಿದೆ, ಎಐ ಅವುಗಳ ಮಾತನ್ನು ನಮ್ಮ ಭಾಷೆಗೆ ತಿರುಗಿಸುತ್ತದೆ, ಭಾರತ ಅವಕ್ಕೆ ಮನುಷ್ಯರಷ್ಟೇ ಹಕ್ಕು ಕೊಟ್ಟಿದೆ ಅಂತೆಲ್ಲ ಇದೆ. ಇದರಲ್ಲಿ ನಿಜ ಎಷ್ಟು? ಈ ವರ್ಷವೂ ಟೂರ್ ಇದೆ. ಬೋಟ್ ಹತ್ತುವುದು ಬೇಡವಾ? ಕಡಲಲ್ಲಿ ತೊಂದರೆ ಕೊಡುವ ಬದಲು ಕೊಳದಲ್ಲಿ ನಡೆಸುವ ಡಾಲ್ಫಿನ್ ಶೋ ತೋರಿಸಿದರೆ ಆಗಲ್ವಾ ಅಂತ ನಮ್ಮ ಶಾಲೆಯ ಒಬ್ಬರು ಕೇಳುತ್ತಿದ್ದಾರೆ.

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ಧೈರ್ಯ ಹೇಳಿ. ಆ ಮರಿ ತಾಯಿಯಿಂದ ಅಗಲಿರುವ ಸಂಭವ ತೀರಾ ಕಡಿಮೆ. ಡಾಲ್ಫಿನ್ ಮರಿ ತಾಯಿಯ ಪಕ್ಕೆಗೆ ಅಂಟಿಕೊಂಡ ಹಾಗೆ ಈಜುತ್ತದೆ. ತಾಯಿ ನೀರನ್ನು ಸೀಳಿಕೊಂಡು ಹೋಗುವಾಗ ಆಗುವ ಸೆಳೆತದಲ್ಲೇ ಮರಿಗೂ ಅರ್ಧ ದಾರಿ ಸಾಗುತ್ತದೆ. ಬೋಟಿನಿಂದ ನೋಡುವವರಿಗೆ ತಾಯಿಯ ಆಚೆ ಬದಿಯಲ್ಲಿರುವ ಮರಿ ಎಷ್ಟೋ ಸಲ ಕಾಣುವುದೇ ಇಲ್ಲ. ಎರಡೂ ಒಂದೇ ಕ್ಷಣಕ್ಕೆ ಉಸಿರಿಗೆ ಮೇಲೆ ಬರಬೇಕು ಅಂತಲೂ ಇಲ್ಲ. ದೂರದಲ್ಲಿ ಒಂದೇ ಬೆನ್ನು ಕಂಡರೆ ಒಂದೇ ಇತ್ತು ಅಂತ ಅರ್ಥ ಮಾಡಿಕೊಳ್ಳಬೇಕಾಗಿಲ್ಲ.

ಇನ್ನು ಮಕ್ಕಳ ಕೂಗು. ಅದರ ಬಗ್ಗೆ ಅವರು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಗಾಳಿಯಲ್ಲಿ ಹುಟ್ಟಿದ ಶಬ್ದ ನೀರಿಗೆ ಬಡಿದಾಗ ಹೆಚ್ಚುಕಡಿಮೆ ಪೂರ್ತಿ ಮೇಲಕ್ಕೇ ವಾಪಸ್ ಬರುತ್ತದೆ. ಒಳಗಿಳಿಯುವ ಶಕ್ತಿ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಸಿಳ್ಳೆ ಹೊಡೆದರೆ ಡಾಲ್ಫಿನ್ ಬರುತ್ತದೆ ಅನ್ನುವುದೂ ಸುಳ್ಳು, ಸಿಳ್ಳೆಗೆ ಹೆದರಿ ಮರಿ ತಪ್ಪಿಸಿಕೊಂಡಿತು ಅನ್ನುವುದೂ ಸುಳ್ಳು. ಬೋಟಿನ ಹಲಗೆಯ ಮೇಲೆ ಕುಣಿದು ಕಾಲು ಬಡಿದರೆ ಮಾತ್ರ ಆ ಸದ್ದು ನೇರವಾಗಿ ನೀರಿಗೆ ಇಳಿಯುತ್ತದೆ. ಅದನ್ನು ಮಕ್ಕಳಿಗೆ ಹೇಳಿಡಿ.

ಕಡಲಿನೊಳಗೆ ನಿಜವಾದ ಗಲಾಟೆ ಎಬ್ಬಿಸಿದ್ದು ಆ ಮೂರು ಇಂಜಿನ್‌ಗಳು. ಪ್ರೊಪೆಲ್ಲರ್ ವೇಗವಾಗಿ ತಿರುಗಿದಾಗ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ. ಆ ಒಡೆತದ ಸದ್ದು ನೀರೊಳಗೆ ಬಹಳ ದೂರ ಹೋಗುತ್ತದೆ. ಕಾರವಾರ, ಕುಮಟಾ ಕಡೆ ಕೆಲಸ ಮಾಡುವಾಗ ನಾವು ಹೈಡ್ರೋಫೋನ್, ಅಂದರೆ ನೀರಿಗೆ ಇಳಿಬಿಡುವ ಮೈಕ್, ಕಟ್ಟಿಕೊಂಡು ಹೋಗುತ್ತೇವೆ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಕೆಳಗೆ ಸೀಗಡಿಗಳು ಚಟಪಟ ಅನ್ನುವುದು ಕೇಳಿಸುತ್ತಿರುತ್ತದೆ. ಅದರ ಮೇಲೆ ಸಣ್ಣದಾಗಿ ಏರಿ ಇಳಿಯುವ ಸಿಳ್ಳೆಗಳು. ಬೋಟ್ ಇನ್ನೂ ಕಣ್ಣಿಗೆ ಕಾಣುವ ಮೊದಲೇ ಅದರ ಗುರ್ರ್ ಕಿವಿಗೆ ಬರುತ್ತದೆ. ಬೋಟ್ ಹತ್ತಿರವಾದ ಹಾಗೆ ಸಿಳ್ಳೆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ನಿಮ್ಮ ಹುಡುಗಿಯ ಆತಂಕಕ್ಕೆ ಅರ್ಥವಿರುವುದು ಇಲ್ಲಿ. ಯಾಕೆ ಅಂತ ಹೇಳಬೇಕಾದರೆ ಆ ಸಿಳ್ಳೆ ಏನು ಅಂತ ಮೊದಲು ಹೇಳಬೇಕು.

ನೀವು ನೋಡಿದ್ದು ಬಹುಮಟ್ಟಿಗೆ ಗೂನು ಬೆನ್ನಿನ ಡಾಲ್ಫಿನ್, ಹಂಪ್‌ಬ್ಯಾಕ್ ಡಾಲ್ಫಿನ್ ಅಂತಾರೆ. ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ಜಾಸ್ತಿ ಕಾಣುವುದು ಅದೇ. ಹೆಚ್ಚಾಗಿ 25 ಮೀಟರ್‌ಗಿಂತ ಕಡಿಮೆ ಆಳದ ನೀರಲ್ಲೇ ಇರುತ್ತದೆ. ನದಿ ಬಂದು ಸೇರುವ ಜಾಗ, ಮೀನುಗಾರರ ಬಲೆ ಬೀಳುವ ಜಾಗ, ಪ್ರವಾಸಿಗರ ಬೋಟ್ ಓಡಾಡುವ ಜಾಗ ಎಲ್ಲವೂ ಅದರ ಮನೆಯೊಳಗೇ ಬರುತ್ತವೆ. 2017ರಿಂದ ಇದು ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಆ ನೀರಲ್ಲಿ ಕಣ್ಣು ಕೆಲವೇ ಮೀಟರ್ ದೂರಕ್ಕೆ ಕೆಲಸ ಮಾಡುತ್ತದೆ. ಮೂಗು ಕೆಲಸ ಮಾಡುವುದೇ ಇಲ್ಲ. ಡಾಲ್ಫಿನ್‌ನ ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗವೇ ಇಲ್ಲ. ನಿಮ್ಮ ಕಡೆಯ ಕುರಿಗೂ ಇದಕ್ಕೂ ಇರುವ ಮೊದಲನೇ ವ್ಯತ್ಯಾಸ ಇದು. ತಾಯಿ ಕುರಿ ದೂರದಿಂದ ಕೂಗು ಕೇಳಿ ಬರುತ್ತದೆ ನಿಜ. ಆದರೆ ಹತ್ತಿರ ಬಂದಮೇಲೆ ಮರಿಯ ಬಾಲದ ಹತ್ತಿರ ಮೂಸಿ ನೋಡುತ್ತದೆ. ವಾಸನೆ ತನ್ನದಾದರೆ ಹಾಲು, ಇಲ್ಲದಿದ್ದರೆ ಗುದ್ದು. ಕೊನೆಯ ತೀರ್ಮಾನ ಮೂಗಿನದು. ಡಾಲ್ಫಿನ್‌ಗೆ ಆ ದಾರಿಯಿಲ್ಲ. ಅದಕ್ಕೆ ಉಳಿದದ್ದು ಕಿವಿ. ಅದೃಷ್ಟಕ್ಕೆ ನೀರು ಶಬ್ದಕ್ಕೆ ಬಹಳ ಒಳ್ಳೆಯ ದಾರಿ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ಕಡಲ ನೀರಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ಕಡಲು ಶಾಂತವಾಗಿದ್ದರೆ ಒಂದು ಸಿಳ್ಳೆ ಕಿಲೋಮೀಟರ್‌ಗಟ್ಟಲೆ ದೂರ ಕೇಳಿಸುತ್ತದೆ.

ಆ ಸಿಳ್ಳೆ ಬಾಯಿಂದ ಬರುವುದಲ್ಲ. ತಲೆಯ ಮೇಲೆ ಉಸಿರಾಡುವ ತೂತು ಇದೆಯಲ್ಲ, ಅದರ ಕೆಳಗೆ ಮೂಗಿನ ದಾರಿಯಲ್ಲಿ ತುಟಿಯಂಥ ಎರಡು ಜೊತೆ ಮಡಿಕೆಗಳಿವೆ. ಗಾಳಿ ಅವುಗಳ ನಡುವೆ ಹಾದಾಗ ಅವು ಅದುರುತ್ತವೆ. ಆ ಗಾಳಿಯನ್ನು ಡಾಲ್ಫಿನ್ ಹೊರಗೆ ಬಿಡುವುದೂ ಇಲ್ಲ, ಒಳಗಿನ ಚೀಲಗಳಲ್ಲಿ ಹಿಡಿದಿಟ್ಟು ಮತ್ತೆ ಬಳಸುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡು, ಗುಳ್ಳೆ ಬಿಡದೆ, ನೀರಡಿಯಲ್ಲಿ ಉಸಿರು ಹಿಡಿದಿರುವಷ್ಟು ಹೊತ್ತೂ ಸಿಳ್ಳೆ ಹಾಕಬಲ್ಲದು. ಕೇಳಿಸಿಕೊಳ್ಳುವುದು ಕೆಳದವಡೆಯಿಂದ. ದವಡೆಯೊಳಗಿನ ಕೊಬ್ಬು ಶಬ್ದವನ್ನು ಒಳಕಿವಿಗೆ ಮುಟ್ಟಿಸುತ್ತದೆ.

ಮೊಬೈಲ್‌ನಲ್ಲಿ ಬರುವ ಗೊಂದಲಕ್ಕೆ ಅರ್ಧ ಕಾರಣ, ಡಾಲ್ಫಿನ್‌ನ ಎರಡು ಬೇರೆ ಬೇರೆ ಶಬ್ದಗಳನ್ನು ಕಲಸಿಬಿಡುವುದು. ಒಂದು ಕ್ಲಿಕ್. ಟಿಕ್ ಟಿಕ್ ಟಿಕ್ ಅಂತ ಬಿಟ್ಟು, ಪ್ರತಿಧ್ವನಿ ಕೇಳಿ, ಮೀನು ಎಲ್ಲಿದೆ, ಬಂಡೆ ಎಲ್ಲಿದೆ ಅಂತ ತಿಳಿಯುವುದು. ಇದು 100 ಕಿಲೋಹರ್ಟ್ಜ್ ದಾಟುತ್ತದೆ. ನಮ್ಮ ಕಿವಿಯ ಮಿತಿ 20. ಇನ್ನೊಂದು ಸಿಳ್ಳೆ, ಹೆಚ್ಚಾಗಿ 5ರಿಂದ 20 ಕಿಲೋಹರ್ಟ್ಜ್ ನಡುವೆ. ಅದು ಬೇಟೆಗಲ್ಲ, ಜೊತೆಗಾರರಿಗೆ. ಎಲ್ಲ ಜಾತಿಗೂ ಒಂದೇ ಕ್ರಮ ಅಂತ ಇಲ್ಲ. ನಮ್ಮ ರಾಷ್ಟ್ರೀಯ ಜಲಚರವಾದ ಗಂಗಾ ಡಾಲ್ಫಿನ್‌ಗೆ ಕಣ್ಣಿನಲ್ಲಿ ಮಸೂರವೇ ಇಲ್ಲ. ಅದರ ಬದುಕೆಲ್ಲ ಕ್ಲಿಕ್ಕಿನ ಮೇಲೆ ನಿಂತಿದೆ. ನಮ್ಮ ಕರಾವಳಿಯಲ್ಲೇ ಬೆನ್ನಿನ ರೆಕ್ಕೆಯಿಲ್ಲದ ಪಾರ್ಪಸ್ ಅಂತ ಒಂದು ನಾಚಿಕೆಯ ಜೀವಿ ಇದೆ. ಅದು ಸಿಳ್ಳೆಯನ್ನೇ ಹಾಕುವುದಿಲ್ಲ.

ಈಗ ಹೆಸರಿನ ವಿಷಯ. ಇದು ಸುಮ್ನೆ ಹಬ್ಬಿದ ಕಥೆಯಲ್ಲ. ಹೆಚ್ಚಾಗಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಮೇಲೆ ಆರು ದಶಕ ನಡೆದ ಕೆಲಸದಿಂದ ಗೊತ್ತಾದದ್ದು. 1965ರಲ್ಲಿ ಅಮೆರಿಕದ ಮೆಲ್ಬಾ ಕಾಲ್ಡ್‌ವೆಲ್, ಡೇವಿಡ್ ಕಾಲ್ಡ್‌ವೆಲ್ ದಂಪತಿ ಒಂದು ಸಂಗತಿ ಪ್ರಕಟಿಸಿದರು. ಸಾಕಿದ ಡಾಲ್ಫಿನ್‌ಗಳಲ್ಲಿ ಪ್ರತಿಯೊಂದೂ ತನ್ನದೇ ಆದ ಒಂದು ಸಿಳ್ಳೆಯನ್ನು ಮತ್ತೆ ಮತ್ತೆ ಹಾಕುತ್ತಿತ್ತು. ಒಂದರದ್ದು ಏರಿ ಏರಿ ಹೋಗುವುದು, ಇನ್ನೊಂದರದ್ದು ಅಲೆಯ ಹಾಗೆ ಏರಿಳಿಯುವುದು. ಇದಕ್ಕೆ ಸಿಗ್ನೇಚರ್ ವಿಶಲ್ ಅಂತ ಹೆಸರು ಬಂತು. ನಾವು ಗುರುತಿನ ಸಿಳ್ಳೆ ಅನ್ನೋಣ. ಕಾಡು ಡಾಲ್ಫಿನ್‌ಗಳಲ್ಲಿ ಇದನ್ನು ನೋಡಲು ಸಿಕ್ಕ ಒಳ್ಳೆಯ ಜಾಗ ಫ್ಲೋರಿಡಾದ ಸರಸೋಟ ಕೊಲ್ಲಿ. ಅಲ್ಲಿ 1970ರಿಂದ ಒಂದೇ ಡಾಲ್ಫಿನ್ ಸಮುದಾಯವನ್ನು ತಲೆತಲಾಂತರವಾಗಿ ಗಮನಿಸುತ್ತಿದ್ದಾರೆ. ಯಾರು ಯಾರ ತಾಯಿ, ಯಾರ ಮರಿ ಅನ್ನುವುದು ಬರೆದಿಟ್ಟಿದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಮಾಡಿದವರು ವಿನ್ಸೆಂಟ್ ಜಾನಿಕ್, ಲೈಲಾ ಸಾಯಿಗ್, ರ‍್ಯಾಂಡಲ್ ವೆಲ್ಸ್. ಇದನ್ನು ತರಗತಿಯಲ್ಲಿ ವಿವರವಾಗಿ ಹೇಳಿ, ಮಕ್ಕಳಿಗೆ ಇಷ್ಟವಾಗುತ್ತದೆ. ಆರೋಗ್ಯ ತಪಾಸಣೆಗಾಗಿ ಡಾಲ್ಫಿನ್‌ಗಳನ್ನು ಬಲೆಯೊಳಗೆ ಸ್ವಲ್ಪ ಹೊತ್ತು ಹಿಡಿದಿಡುತ್ತಾರೆ, ಆಮೇಲೆ ಬಿಡುತ್ತಾರೆ. ಆ ಹೊತ್ತಿನಲ್ಲಿ ನೀರೊಳಗಿನ ಸ್ಪೀಕರ್‌ನಿಂದ ಸಿಳ್ಳೆ ಕೇಳಿಸಿದರು. ಆದರೆ ರೆಕಾರ್ಡ್ ಮಾಡಿದ ಸಿಳ್ಳೆಯನ್ನೇ ಹಾಕಲಿಲ್ಲ. ಕಂಪ್ಯೂಟರ್‌ನಲ್ಲಿ ಆ ಸಿಳ್ಳೆಯ ಏರಿಳಿತವನ್ನು ಮಾತ್ರ ಉಳಿಸಿಕೊಂಡು, ಆ ಪ್ರಾಣಿಯ ಕಂಠದ ಗುರುತನ್ನೆಲ್ಲ ತೆಗೆದುಹಾಕಿ, ಹೊಸದಾಗಿ ತಯಾರಿಸಿದ ಸಿಳ್ಳೆ ಹಾಕಿದರು. ಒಮ್ಮೆ ಹತ್ತಿರದ ನೆಂಟರದ್ದು, ಒಮ್ಮೆ ಬರೀ ಪರಿಚಯದವರದ್ದು. ಯಾವುದಕ್ಕೆ ಎಷ್ಟು ಸಲ ಸ್ಪೀಕರ್ ಕಡೆ ತಲೆ ತಿರುಗಿಸುತ್ತದೆ ಅಂತ ಎಣಿಸಿದರು. 14ರಲ್ಲಿ 9 ಡಾಲ್ಫಿನ್‌ಗಳು ನೆಂಟರ ಸಿಳ್ಳೆಗೇ ಹೆಚ್ಚು ಸಲ ತಿರುಗಿದವು.

ಕುರಿಮರಿಗೂ ಡಾಲ್ಫಿನ್ ಮರಿಗೂ ಇರುವ ದೊಡ್ಡ ವ್ಯತ್ಯಾಸ ಈ ಪ್ರಯೋಗದಲ್ಲಿದೆ. ಕುರಿಮರಿಯ ಗುರುತು ಅದರ ಕಂಠದಲ್ಲಿದೆ. ಗಂಟಲಿನ ಗಾತ್ರ, ಆಕಾರಕ್ಕೆ ತಕ್ಕ ಹಾಗೆ ದನಿ ಬರುತ್ತದೆ, ಅದನ್ನು ಮರಿ ಆರಿಸಿಕೊಂಡದ್ದಲ್ಲ. ಡಾಲ್ಫಿನ್‌ನ ಗುರುತು ಅದು ಕಟ್ಟಿಕೊಂಡ ರಾಗದಲ್ಲಿದೆ. ದನಿ ತೆಗೆದರೂ ರಾಗ ಉಳಿದರೆ ನೆಂಟರು ಗುರುತಿಸುತ್ತಾರೆ. ಇದಕ್ಕೆ ಕಾರಣವೂ ಇದೆ. ಆಳಕ್ಕೆ ಇಳಿದಾಗ ನೀರಿನ ಒತ್ತಡಕ್ಕೆ ತಲೆಯೊಳಗಿನ ಗಾಳಿ ಕುಗ್ಗುತ್ತದೆ. ಆಗ ಕಂಠದ ಗುಣವನ್ನು ನಂಬಿಕೊಳ್ಳುವುದು ಕಷ್ಟ. ರಾಗವನ್ನು ಮಾತ್ರ ಎಲ್ಲಿ ಬೇಕಾದರೂ ಹಾಗೇ ಹಾಡಬಹುದು.

ಆ ರಾಗವನ್ನು ಮರಿ ಹುಟ್ಟಿದ ಮೊದಲ ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ. ಸುತ್ತಲಿನವರ ಸಿಳ್ಳೆ ಕೇಳಿ, ಯಾವುದನ್ನೋ ಮಾದರಿ ಇಟ್ಟುಕೊಂಡು, ಸ್ವಲ್ಪ ಬದಲಿಸಿ ತನ್ನದು ಮಾಡಿಕೊಳ್ಳುತ್ತದೆ. ಸರಸೋಟದಲ್ಲಿ ಕಂಡ ಹಾಗೆ, ಗಂಡು ಮರಿಗಳ ಸಿಳ್ಳೆ ತಾಯಿಯ ಸಿಳ್ಳೆಗೆ ಹೋಲುವುದು ಜಾಸ್ತಿ, ಹೆಣ್ಣು ಮರಿಗಳದ್ದು ಕಡಿಮೆ. ಹೆಣ್ಣು ದೊಡ್ಡದಾದ ಮೇಲೂ ತಾಯಿಯ ಗುಂಪಿನ ಜೊತೆ ಓಡಾಡುವುದರಿಂದ ಬೇರೆಯಾಗಿ ಕೇಳಿಸುವುದು ಅದಕ್ಕೆ ಅಗತ್ಯ ಅನ್ನುವುದು ಒಂದು ವಿವರಣೆ. ಮರಿ ತಾಯಿಯ ಜೊತೆ ಮೂರರಿಂದ ಆರು ವರ್ಷ ಇರುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ನೋಡಿದ್ದಾರೆ, ಅಲೆದಾಡಲು ಹೋದ ಮರಿ ತಾಯಿಯ ಹತ್ತಿರ ವಾಪಸ್ ಬರುವಾಗ ಸಿಳ್ಳೆ ಹಾಕುತ್ತಲೇ ಬರುತ್ತದೆ. 2023ರಲ್ಲಿ ಇನ್ನೊಂದು ಸೊಗಸಾದ ಸಂಗತಿ ಪ್ರಕಟವಾಯಿತು. ಸರಸೋಟದ 19 ತಾಯಂದಿರ ಸಿಳ್ಳೆಗಳನ್ನು ಹೋಲಿಸಿ ನೋಡಿದರು. ಮರಿ ಜೊತೆಗಿದ್ದಾಗ ಅದೇ ಗುರುತಿನ ಸಿಳ್ಳೆಯನ್ನು ಆ ತಾಯಂದಿರು ಇನ್ನೂ ಮೇಲಿನ ಸ್ವರಕ್ಕೆ ಏರಿಸಿ ಹಾಕುತ್ತಿದ್ದರು. ಕೂಸಿನ ಜೊತೆ ಮಾತಾಡುವಾಗ ನಮ್ಮ ದನಿ ತಾನಾಗಿ ಮೇಲೇರುತ್ತದಲ್ಲ, ಅದೇ.

ಹಾಗಾದರೆ ಒಂದು ಇನ್ನೊಂದರ ಹೆಸರು ಹಿಡಿದು ಕರೆಯುತ್ತದೆಯೇ? ಬಹುಪಾಲು ಹೊತ್ತು ಇಲ್ಲ. ಪ್ರತಿ ಡಾಲ್ಫಿನ್ ತನ್ನ ಹೆಸರನ್ನೇ ಹೇಳುತ್ತದೆ, ನಾನು ಇಲ್ಲಿದ್ದೀನಿ ಅಂತ. ಎರಡು ಗುಂಪು ಕಡಲಲ್ಲಿ ಎದುರಾದಾಗ ಸೇರುವ ಮೊದಲು ಹೀಗೆ ಸಿಳ್ಳೆ ವಿನಿಮಯ ಮಾಡಿಕೊಳ್ಳುತ್ತವೆ ಅಂತ ಸ್ಕಾಟ್ಲೆಂಡ್ ತೀರದ ಅಧ್ಯಯನವೊಂದು 2012ರಲ್ಲಿ ತೋರಿಸಿತು. ಆದರೆ ತೀರಾ ಹತ್ತಿರದವರು ಅಗಲಿದಾಗ, ಅಂದರೆ ತಾಯಿ ಮರಿ ಅಥವಾ ಜೊತೆಯಾಗಿ ತಿರುಗುವ ಎರಡು ಗಂಡುಗಳು ದೂರವಾದಾಗ, ಒಂದು ಇನ್ನೊಂದರ ಸಿಳ್ಳೆಯನ್ನು ಅನುಕರಿಸುವುದು ದಾಖಲಾಗಿದೆ. 2013ರಲ್ಲಿ ಸ್ಟೆಫನಿ ಕಿಂಗ್ ಮತ್ತು ಜಾನಿಕ್ ಸ್ಕಾಟ್ಲೆಂಡಿನ ಕಾಡು ಡಾಲ್ಫಿನ್‌ಗಳಿಗೆ ಅವುಗಳದ್ದೇ ಸಿಳ್ಳೆಯ ನಕಲು ಕೇಳಿಸಿದರು. ತಮ್ಮ ಸಿಳ್ಳೆ ಕೇಳಿದವು ತಿರುಗಿ ಅದೇ ಸಿಳ್ಳೆ ಹಾಕಿದವು. ಬೇರೆಯವರ ಸಿಳ್ಳೆಗೆ ಹಾಗೆ ಓಗೊಡಲಿಲ್ಲ. ಹೆಸರು ಕರೆದರೆ ಹ್ಞೂಂ ಅಂದ ಹಾಗೆ ಅಲ್ವಾ? ಹೆಸರು ಅನ್ನುವ ಮಾತನ್ನು ವಿಜ್ಞಾನಿಗಳು ಇಷ್ಟು ಧೈರ್ಯವಾಗಿ ಬಳಸಲು ಶುರುಮಾಡಿದ್ದು ಇದಾದ ಮೇಲೆ.

ಆ ಹೆಸರನ್ನು ಅವು ಮರೆಯುವುದೂ ಇಲ್ಲ. ಅದೇ 2013ರಲ್ಲಿ ಜೇಸನ್ ಬ್ರಕ್ ಸಾಕು ಡಾಲ್ಫಿನ್‌ಗಳಿಗೆ ಹಳೆಯ ಜೊತೆಗಾರರ ಸಿಳ್ಳೆ ಕೇಳಿಸಿ ಪರೀಕ್ಷಿಸಿದರು. ಬೇಲಿ ಅನ್ನುವ ಹೆಣ್ಣು ಡಾಲ್ಫಿನ್, ಆಲಿ ಅನ್ನುವ ಗೆಳತಿಯಿಂದ ಬೇರೆಯಾಗಿ 20 ವರ್ಷ 6 ತಿಂಗಳಾಗಿತ್ತು. ಸಿಳ್ಳೆ ಕೇಳಿದ ಕೂಡಲೇ ಗುರುತಿಸಿತು. ನಿಮ್ಮ ಹುಡುಗಿಗೆ ಇನ್ನೊಂದು ಮಾತು ಇಷ್ಟವಾಗಬಹುದು. ವಾಸನೆ ಇಲ್ಲದಿದ್ದರೂ ಡಾಲ್ಫಿನ್ ನಾಲಿಗೆಯಿಂದ ಗುರುತು ಹಿಡಿಯುತ್ತದೆ. ಪರಿಚಯದವರ ಮೂತ್ರ ನೀರಲ್ಲಿದ್ದರೆ ಅದರ ರುಚಿಯಿಂದಲೇ ಯಾರು ಅಂತ ತಿಳಿಯುತ್ತದೆ. ಇದು 2022ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ಇದ್ದರೂ ಡಾಲ್ಫಿನ್‌ಗಳಿಗೆ ನಮ್ಮಂಥ ಭಾಷೆ ಇದೆ ಅಂತ ಯಾರೂ ತೋರಿಸಿಲ್ಲ. ಮೊಬೈಲ್‌ನಲ್ಲಿ ಬರುವ ಎಐ ಸುದ್ದಿಯ ಹಿಂದೆ ಒಂದು ನಿಜವಾದ ಕೆಲಸವಿದೆ. ಬಹಾಮಾಸ್‌ನ ಚುಕ್ಕಿ ಡಾಲ್ಫಿನ್‌ಗಳನ್ನು 1985ರಿಂದ ಗಮನಿಸುತ್ತಿರುವ ತಂಡದ ರೆಕಾರ್ಡಿಂಗ್‌ಗಳ ಮೇಲೆ ಗೂಗಲ್ 2025ರಲ್ಲಿ ಡಾಲ್ಫಿನ್‌ಜೆಮ್ಮಾ ಅನ್ನುವ ಮಾದರಿ ತಯಾರಿಸಿತು. ಒಂದು ಶಬ್ದದ ನಂತರ ಯಾವ ಶಬ್ದ ಬರಬಹುದು ಅಂತ ಅದು ಊಹಿಸುತ್ತದೆ. ಅರ್ಥ ಹೇಳುವುದಿಲ್ಲ. ಸರಸೋಟದವರೂ ಗುರುತಿನದ್ದಲ್ಲದ ಕೆಲವು ಸಿಳ್ಳೆಗಳನ್ನು ಬೇರ್ಪಡಿಸಿದ್ದಾರೆ. ಒಂದು ಎಚ್ಚರಿಕೆಯ ಸದ್ದು ಇರಬಹುದು, ಇನ್ನೊಂದು ಅನಿರೀಕ್ಷಿತವಾದದ್ದೇನೋ ಕೇಳಿದಾಗ ಹಾಕುವುದು ಇರಬಹುದು ಅನ್ನುವ ಹಂತದಲ್ಲಿದೆ ಕೆಲಸ. ಡಾಲ್ಫಿನ್ ಮಾತನ್ನು ಕನ್ನಡಕ್ಕೆ ತಿರುಗಿಸುತ್ತೇವೆ ಅನ್ನುವ ಆ್ಯಪ್ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ಹಕ್ಕಿನ ಮಾತು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿತು. ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ದೇಶದಲ್ಲಿ ಅನುಮತಿ ಕೊಡಬಾರದು ಅಂತ ಅದರ ಸಾರ. ಡಾಲ್ಫಿನ್‌ಗಳನ್ನು ಮನುಷ್ಯೇತರ ವ್ಯಕ್ತಿಗಳು ಅಂತ ನೋಡಬೇಕು ಎಂದು ಕೆಲವು ವಿಜ್ಞಾನಿಗಳು ಹೇಳಿರುವುದನ್ನು ಅದರಲ್ಲಿ ಉಲ್ಲೇಖಿಸಿದ್ದರು. ಆ ಒಂದು ಸಾಲು ಊರೆಲ್ಲ ಸುತ್ತಿ, ಭಾರತ ಡಾಲ್ಫಿನ್‌ಗೆ ಮನುಷ್ಯರ ಹಕ್ಕು ಕೊಟ್ಟಿತು ಅಂತ ಆಯಿತು. ಅಂಥ ಕಾನೂನು ಇಲ್ಲ. ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವುದು, ಕೊಲ್ಲುವುದು ಅಪರಾಧ. ಡಾಲ್ಫಿನ್ ಶೋ ಬಗ್ಗೆ ಕೇಳಿದ ನಿಮ್ಮ ಸಹೋದ್ಯೋಗಿಗೂ ಇದರಲ್ಲೇ ಉತ್ತರ ಇದೆ. ಅನುಮತಿ ಇದ್ದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ದೂರದವರಿಗೆ ಕೇಳಲಿ ಅಂತ ಸಿಳ್ಳೆ ಕಟ್ಟಿಕೊಂಡ ಪ್ರಾಣಿಯನ್ನು ನಾಲ್ಕು ಗೋಡೆಯ ತೊಟ್ಟಿಯಲ್ಲಿಟ್ಟು ಮಕ್ಕಳಿಗೆ ತೋರಿಸಿದರೆ, ಮಕ್ಕಳು ಕಲಿಯುವುದು ಅದರ ಕಸರತ್ತನ್ನೇ ಹೊರತು ಅದರ ಬದುಕನ್ನಲ್ಲ.

ಈಗ ಬೋಟಿನ ಸದ್ದಿಗೆ ಬರೋಣ. ಸರಸೋಟದಲ್ಲಿ ಹಗಲು ಹೊತ್ತು ಪ್ರತಿ ಡಾಲ್ಫಿನ್‌ನಿಂದ 100 ಮೀಟರ್ ಒಳಗೆ ಸರಾಸರಿ 6 ನಿಮಿಷಕ್ಕೊಂದು ಬೋಟ್ ಹಾಯುತ್ತಿತ್ತು. ಬೋಟ್ ಹತ್ತಿರ ಬರಲು ಶುರುವಾದ ಕೂಡಲೇ ಅವು ಹೆಚ್ಚು ಹೆಚ್ಚು ಸಿಳ್ಳೆ ಹಾಕುತ್ತಿದ್ದವು. ಸದ್ದಿನಲ್ಲಿ ಮುಳುಗುವ ಮೊದಲು ತಮ್ಮವರನ್ನು ಹತ್ತಿರ ಸೇರಿಸಿಕೊಳ್ಳುವ ಪ್ರಯತ್ನ ಇರಬಹುದು ಅಂತ ಅಧ್ಯಯನ ಮಾಡಿದವರ ವಿವರಣೆ. ನನಗೂ ಅದು ಸರಿ ಅನ್ನಿಸುತ್ತದೆ. 2023ರಲ್ಲಿ ಡೆಲ್ಟಾ, ರೀಸ್ ಅನ್ನುವ ಎರಡು ಸಾಕು ಡಾಲ್ಫಿನ್‌ಗಳ ಮೇಲೆ ನಡೆದ ಪ್ರಯೋಗ ಇನ್ನೂ ಸ್ಪಷ್ಟ. ಎರಡೂ ಒಂದೇ ಕ್ಷಣಕ್ಕೆ ಒಂದೊಂದು ಗುಂಡಿ ಒತ್ತಬೇಕು. ಸದ್ದಿಲ್ಲದಾಗ ಶೇ. 85ರಷ್ಟು ಸಲ ಸರಿಯಾಗಿ ಒತ್ತಿದವು. ಜೋರು ಸದ್ದು ಹಾಕಿದಾಗ ಅದು ಶೇ. 62.5ಕ್ಕೆ ಇಳಿಯಿತು. ಅವು ಸಿಳ್ಳೆಯನ್ನು ಗಟ್ಟಿಯಾಗಿ ಹಾಕಿದವು, ಉದ್ದವಾಗಿ ಹಾಕಿದವು, ಒಂದರ ಕಡೆ ಇನ್ನೊಂದು ತಿರುಗಿ ನಿಂತವು. ಆದರೂ ಪೂರ್ತಿ ಆಗಲಿಲ್ಲ.

ಒಂದು ಬೋಟ್, ಹತ್ತು ನಿಮಿಷ, ಅಷ್ಟಕ್ಕೆ ತಾಯಿ ಮರಿ ಶಾಶ್ವತವಾಗಿ ಅಗಲುವುದಿಲ್ಲ. ಸದ್ದು ಹೋದಮೇಲೆ ಮತ್ತೆ ಸಿಳ್ಳೆ ಹಾಕಿ ಸೇರಿಕೊಳ್ಳುತ್ತವೆ. ತೊಂದರೆ ಇರುವುದು ಸೀಸನ್ ಪೂರ್ತಿ, ದಿನವೂ, ಬೋಟಿನ ಹಿಂದೆ ಬೋಟ್ ಅಟ್ಟಿಸಿಕೊಂಡು ಹೋಗುವುದರಲ್ಲಿ. ಪ್ರತಿ ಸಲ ಹಾಲು ಕುಡಿಸುವುದು ನಿಲ್ಲುತ್ತದೆ, ಬೇಟೆ ನಿಲ್ಲುತ್ತದೆ, ವಿಶ್ರಾಂತಿ ನಿಲ್ಲುತ್ತದೆ. ಶಾರ್ಕ್ ಬೇಯಲ್ಲಿ ಒಂದು ಜಾಗದಲ್ಲಿ ಪ್ರವಾಸಿ ಬೋಟ್ ನಡೆಸುವವರು ಒಬ್ಬರಿಂದ ಇಬ್ಬರಾದರು. ಆ ಜಾಗದ ಡಾಲ್ಫಿನ್ ಸಂಖ್ಯೆ ಸರಾಸರಿ ಶೇ. 15ರಷ್ಟು ಇಳಿಯಿತು ಅಂತ 2006ರ ಅಧ್ಯಯನ ಹೇಳಿತು. ಸರ್ಕಾರ ಒಂದು ಲೈಸೆನ್ಸ್ ಹಿಂದಕ್ಕೆ ತೆಗೆದುಕೊಂಡಿತು. ಎರಡೇ ಬೋಟಿಗೆ ಹಾಗಾದರೆ ನಮ್ಮ ಕಡಲಲ್ಲಿ ರಜೆಯ ದಿನ ಎಷ್ಟು ಬೋಟ್ ಇರುತ್ತವೆ, ನೀವೇ ನೋಡಿದ್ದೀರಿ.

ಟೂರ್ ಬಿಡಬೇಕಾ? ಬಿಡಬೇಡಿ. ಬಯಲುಸೀಮೆಯ ಮಕ್ಕಳು ಡಾಲ್ಫಿನ್ ನೋಡಬೇಕು ಅಂತ ನನಗೆ ಬಹಳ ಆಸೆ. ನಾನೂ ತುಮಕೂರು ಸೀಮೆಯಲ್ಲೇ ಬೆಳೆದವಳು, ಕಡಲು ನೋಡಿದ್ದು ದೊಡ್ಡವಳಾದ ಮೇಲೆ.

ಆದರೆ ಟೂರಿಗಿಂತ ಮೊದಲು ಊರಲ್ಲೇ ಒಂದು ಕೆಲಸ ಮಾಡಿಸಿ. ಆ ಹುಡುಗಿಯ ಮನೆಯವರನ್ನು ಕೇಳಿಕೊಂಡು ಸಂಜೆ ಹೊತ್ತು ಕುರಿ ವಾಪಸ್ ಬರುವ ಮುಂಚೆ ರೊಪ್ಪಕ್ಕೆ ಹೋಗಿ. ನಾಲ್ಕೈದು ಮರಿಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಪ್ರತಿ ಮರಿಯ ಕೂಗನ್ನು ಒಂದೇ ದೂರದಿಂದ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ವಾಪಸ್ ಬಂದ ತಾಯಂದಿರದ್ದನ್ನೂ ಮಾಡಿ. ಸ್ಪೆಕ್ಟ್ರೋಗ್ರಾಂ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಶಬ್ದದ ಏರಿಳಿತವನ್ನು ಅವು ಚಿತ್ರವಾಗಿ ಬರೆದು ತೋರಿಸುತ್ತವೆ. ಪ್ರಿಂಟ್ ತೆಗೆದು, ಹೆಸರು ಮುಚ್ಚಿ, ಯಾವುದು ಯಾವ ಮರಿಯದು ಅಂತ ಮಕ್ಕಳ ಹತ್ತಿರ ಬೇರ್ಪಡಿಸಲು ಹೇಳಿ. ನಂಬಿ, ಡಾಲ್ಫಿನ್ ಸಿಳ್ಳೆಗಳನ್ನು ಸಂಶೋಧಕರು ಬೇರ್ಪಡಿಸುವುದೂ ಹೀಗೇ. ಚಿತ್ರ ಮುಂದಿಟ್ಟುಕೊಂಡು ಹಲವರು ಬೇರೆ ಬೇರೆಯಾಗಿ ನೋಡಿ ತೀರ್ಮಾನಿಸುತ್ತಾರೆ. ಆಮೇಲೆ ಸಂಶೋಧನಾ ಸಂಸ್ಥೆಗಳು ಇಂಟರ್‌ನೆಟ್ಟಿನಲ್ಲಿ ಹಾಕಿರುವ ಡಾಲ್ಫಿನ್ ಸಿಳ್ಳೆಗಳನ್ನು ಅದೇ ಆ್ಯಪ್‌ನಲ್ಲಿ ತೋರಿಸಿ. ಕುರಿಮರಿಯ ಕೂಗು ಪ್ರತಿ ಸಲ ಒಂದಿಷ್ಟು ಬದಲಾಗುತ್ತದೆ, ಡಾಲ್ಫಿನ್‌ನ ಗೆರೆ ಪ್ರತಿ ಸಲ ಅದೇ ಆಕಾರದಲ್ಲಿ ಬರುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿಯಲಿ. ಮೇಲಿನ ಸ್ವರಗಳು ನಿಮಗೆ ಕೇಳಿಸದಿದ್ದರೆ ಗಾಬರಿಯಾಗಬೇಡಿ, ವಯಸ್ಸಾದಂತೆ ಆ ಸ್ವರ ಕಿವಿಗೆ ಕೇಳಿಸದಾಗುತ್ತದೆ, ಮಕ್ಕಳಿಗೆ ಕೇಳಿಸುತ್ತದೆ. ಒಂದು ಎಚ್ಚರ ಮಾತ್ರ. ಪ್ರಯೋಗಕ್ಕೆ ಅಂತ ಮರಿಗಳನ್ನು ದಿನನಿತ್ಯಕ್ಕಿಂತ ಜಾಸ್ತಿ ಹೊತ್ತು ತಾಯಿಯಿಂದ ದೂರ ಇಡಬೇಡಿ. ಮತ್ತೆ ಕಾವಲು ನಾಯಿಗಳನ್ನು ಮನೆಯವರು ಹಿಡಿದುಕೊಂಡಿರಲಿ.

ಕಡಲಿಗೆ ಹೋದಾಗ ನನ್ನ ಮೊದಲ ಆಯ್ಕೆ ದಡ. ಗೂನು ಬೆನ್ನಿನ ಡಾಲ್ಫಿನ್ ದಡಕ್ಕೆ ಹತ್ತಿರ ಬರುವುದರಿಂದ ಗೋಕರ್ಣದ ಓಂ ಬೀಚ್ ಮೇಲಿನ ಗುಡ್ಡದಂಥ ಜಾಗದಲ್ಲಿ ಬೆಳಗ್ಗೆ ಗಾಳಿ ಏಳುವ ಮುಂಚೆ ಕೂತರೆ ಕಾಣುವ ಅವಕಾಶ ಚೆನ್ನಾಗಿಯೇ ಇದೆ. ಒಂದೆರಡು ಬೈನಾಕ್ಯುಲರ್ ಒಯ್ಯಿರಿ. ಇಲ್ಲಿ ಡಾಲ್ಫಿನ್‌ಗೆ ಏನೂ ತೊಂದರೆಯಿಲ್ಲ. ತೊಂದರೆ ಮಕ್ಕಳಿಗೆ: ಬಂಡೆ ಜಾರುತ್ತದೆ, ಅಂಚಿಗೆ ಬಿಡಬೇಡಿ. ಮತ್ತೆ ತಾಳ್ಮೆ ಬೇಕು. ಒಂದು ಗಂಟೆ ಕೂತು ಏನೂ ಕಾಣದೆ ಎದ್ದು ಬರಬೇಕಾಗಬಹುದು.

ಬೋಟ್ ಹತ್ತುವುದೇ ಆದರೆ ಹತ್ತುವ ಮುಂಚೆ ಮಾತಾಡಿ. ಡಾಲ್ಫಿನ್ ಕಂಡರೆ ವೇಗ ಇಳಿಸಬೇಕು, ಎದುರಿನಿಂದಾಗಲಿ ಹಿಂದಿನಿಂದಾಗಲಿ ನುಗ್ಗದೆ ಪಕ್ಕದಲ್ಲಿ ಸಮನಾಗಿ ಹೋಗಬೇಕು. ಕನಿಷ್ಠ 50 ಮೀಟರ್ ದೂರ ಇರಲಿ, ಮರಿ ಇದ್ದರೆ 100. ತಾಯಿ ಮರಿಯ ನಡುವೆ ಹಾಯಲೇಬಾರದು. ಆಗಲೇ ಬೇರೆ ಬೋಟ್ ಇದ್ದರೆ ನೀವು ದೂರವೇ ನಿಲ್ಲಿ. ಹತ್ತು ಹದಿನೈದು ನಿಮಿಷ ಸಾಕು. ಇಂಜಿನ್ ಪೂರ್ತಿ ಆಫ್ ಮಾಡಿ ಅಂತ ನಾನು ಹೇಳುವುದಿಲ್ಲ. ಬಂಡೆಯ ಹತ್ತಿರ ಅಲೆಯ ಸೆಳೆತವಿದ್ದರೆ ಅದು ಅಪಾಯ. ನ್ಯೂಟ್ರಲ್‌ನಲ್ಲಿ ಇಟ್ಟರೆ ಪ್ರೊಪೆಲ್ಲರ್ ನಿಲ್ಲುತ್ತದೆ, ಸದ್ದು ಬಹಳ ತಗ್ಗುತ್ತದೆ. ಡಾಲ್ಫಿನ್‌ಗಳು ತಾವಾಗಿ ಹತ್ತಿರ ಬಂದರೆ ಬರಲಿ. ಮಕ್ಕಳಿಗೆಲ್ಲ ಲೈಫ್ ಜಾಕೆಟ್ ಇಲ್ಲದಿದ್ದರೆ ಆ ಬೋಟ್ ಬೇಡವೇ ಬೇಡ.

ಬೋಟಿನವರ ಮೇಲೆ ಸಿಟ್ಟಾಗಬೇಡಿ. ಎಷ್ಟೋ ಕಡೆ ಡಾಲ್ಫಿನ್ ಕಂಡರಷ್ಟೇ ದುಡ್ಡು ಅನ್ನುವ ಮಾತಿನ ಮೇಲೆ ಬಾಡಿಗೆ ಆಗಿರುತ್ತದೆ. ಗಿರಾಕಿಗಳು ಇನ್ನೂ ಹತ್ತಿರ, ಇನ್ನೂ ಹತ್ತಿರ ಅಂತ ಕೂಗುತ್ತಿರುತ್ತಾರೆ. ಅಟ್ಟಿಸಿಕೊಂಡು ಹೋಗದೆ ಅವರು ಇನ್ನೇನು ಮಾಡಬೇಕು? ಹಾಗಾಗಿ ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ: ಡಾಲ್ಫಿನ್ ಕಾಣದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ಆದರೆ ಅಟ್ಟಿಸಬಾರದು. ಮಕ್ಕಳ ಮನೆಯವರಿಗೂ ಇದನ್ನು ಮೊದಲೇ ತಿಳಿಸಿ, ಆಮೇಲೆ ದುಡ್ಡು ದಂಡವಾಯಿತು ಅನ್ನುವ ಮಾತು ಬರದಿರಲಿ. ಬೋಟಿನವರು ಒಪ್ಪಿದರೆ ಹತ್ತಿ. ಒಪ್ಪದಿದ್ದರೆ ಪಕ್ಕದ ಬೋಟನ್ನು ಕೇಳಿ.